ನಾಲ್ಕು ನಿಮಿಷ ಹತ್ತು ಸೆಕೆಂಡು

“ಇವತ್ತೂ ಮಗು ಸತ್ತುಹೋಯ್ತು. ಇದು ಮೂವತ್ತೇಳನೇ ಸಲ. ಈ ಮನೆ ಕಟ್ಟಿದವನ ಕೈ ಸೇದಿಹೋಗ!”

ಅವಳು ಆ ಶಾಪವನ್ನು ‘ಬಲು ಕಷ್ಟ’ ಎಂಬ ಕಡತಕ್ಕೆ ತಳ್ಳಿದಳು. ವಿಡಿಯೊ ಗೇಮ್ ಕಂಪನಿಯಲ್ಲಿ ಅವಳ ಕೆಲಸವೇ ಅದು, ಆಟಗಾರರು ಬರೆದದ್ದನ್ನು ಓದಿ ವಿಂಗಡಿಸುವುದು. ಬೆಂಕಿ ಆರಿಸುವ ಆಟದ ಎರಡನೆಯ ಭಾಗ ಹೊರಬಂದು ಹನ್ನೊಂದು ದಿನವಾಗಿತ್ತು. ಮೊದಲ ಭಾಗವನ್ನು ಚಿಕ್ಕ ಮಕ್ಕಳೂ ಗೆದ್ದಿದ್ದರು. ಇದರಲ್ಲಿ ಘಟಾನುಘಟಿಗಳೂ ಏಳನೆಯ ಮನೆಯಲ್ಲೇ ಮುಗ್ಗರಿಸುತ್ತಿದ್ದರು. ಮಹಡಿಯ ಕೋಣೆಯಲ್ಲಿ ಮಗು, ಸುತ್ತ ಬೆಂಕಿ, ಕೈಯಲ್ಲಿ ನಾಲ್ಕು ನಿಮಿಷ ಹತ್ತು ಸೆಕೆಂಡು. ಅಷ್ಟರೊಳಗೆ ಮೆಟ್ಟಿಲು ಕುಸಿಯುತ್ತಿತ್ತು.

“ಆಟ ಕೇಳಿದ್ರೆ ಕಬ್ಬಿಣದ ಕಡಲೆ ಕೊಟ್ಟಿದ್ದೀರಿ.” ಅದೇ ಕಡತಕ್ಕೆ. “ಮಗು ಬೆಂಕಿ ಆರಿಸೋನನ್ನ ಅಪ್ಪಾ ಅಂತ ಯಾಕೆ ಕೂಗುತ್ತೆ? ತಲೆ ಇಲ್ವಾ ನಿಮಗೆ?” ಇದು ‘ತಪ್ಪುಗಳು’ ಕಡತಕ್ಕೆ. ಹೊಸ ಸೌಲಭ್ಯದ ಮೇಲೂ ಗೊಣಗಾಟವೇ. ಆಟದ ಮನೆಗಳನ್ನೆಲ್ಲ ಕಟ್ಟಿ ಮುಗಿಸಿದ ಮೇಲೆ ಕಂಪನಿಯ ಬೇರೆಯವರು ಅದನ್ನು ಸೇರಿಸಿದ್ದರು. ಈಗ ಯಾವ ಸಾಮಾನನ್ನಾದರೂ ಎಳೆದಾಡಬಹುದಿತ್ತು. “ಸ್ಟೂಲು, ಬಕೆಟ್ಟು ಎಳೆಯೋಕೆ ನಾನೇನು ಮನೆ ಖಾಲಿ ಮಾಡ್ತಿದ್ದೀನಾ?”

ಅವಳಿಗೆ ನಗು ಬಂತು. ಬೆನ್ನ ಹಿಂದೆ ಮ್ಯಾನೇಜರ್ ನಿಂತಿದ್ದ.

“ಸಂಜೆಯೊಳಗೆ ಒಬ್ಬರಾದ್ರೂ ಗೆದ್ದಿರಬೇಕು. ಇಲ್ಲದಿದ್ರೆ ಆ ಮನೆಯನ್ನೂ ಕಿತ್ತುಹಾಕ್ತೀನಿ, ಕಟ್ಟಿದವನನ್ನೂ.”

ಕಟ್ಟಿದವರು ಮೇಸ್ತ್ರಿ. ಆಟದೊಳಗಿನ ಮನೆಗಳನ್ನೆಲ್ಲ ಕಟ್ಟುವುದರಿಂದ ಆಫೀಸಿನಲ್ಲಿ ಅವರಿಗೆ ಅದೇ ಹೆಸರು. ಅವಳಿಗೆ ಅ ಆ ಇ ಈಯಿಂದ ಕೆಲಸ ಕಲಿಸಿದವರು ಅವರೇ. ಈ ಹನ್ನೊಂದು ದಿನವೂ ಬೆಳಗಾದರೆ ಅವಳ ಮೇಜಿನ ಬಳಿ ಬಂದು ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಏನಮ್ಮ, ಯಾರಾದ್ರೂ ಗೆದ್ರಾ?” ಇಲ್ಲ ಎಂದರೆ ಸಾಕು, ಅವರ ಮುಖದ ಗಂಟು ಸಡಿಲವಾಗುತ್ತಿತ್ತು. ಅಬ್ಬಾ, ಎಂಥ ಜಂಭ ಎಂದುಕೊಳ್ಳುತ್ತಿದ್ದಳು ಅವಳು.

ಆದರೂ ಅವರ ಅನ್ನದ ಪ್ರಶ್ನೆ. ಹೋಗಿ ಕೈಮುಗಿದಳು. “ಮೇಸ್ತ್ರಿ, ಅರ್ಧ ನಿಮಿಷ ಜಾಸ್ತಿ ಕೊಡಿ. ನಿಮ್ಮ ಗಂಟೇನು ಹೋಗುತ್ತೆ?”

“ಇದ್ದಿದ್ದೇ ಅಷ್ಟು. ಎಲ್ಲಿಂದ ತರ್ಲಿ?”

“ಯಾರೂ ಗೆಲ್ಲದಿದ್ರೆ ಇವತ್ತು ನಿಮ್ಮ ಕೆಲಸ ಹೋಗುತ್ತೆ!”

“ಹೋಗ್ಲಿ ಬಿಡಮ್ಮ. ಯಾರ ಕೈಲೂ ಆಗಲ್ಲ ಅಂತ ಗೊತ್ತಾದ್ರೆ ಸಾಕು ನಂಗೆ.”

ಅವಳಿಗೆ ಪಿತ್ತ ನೆತ್ತಿಗೇರಿತು. ಹಾಳಾಗಿ ಹೋಗಲಿ ಎಂದು ಮೇಜಿಗೆ ಮರಳಿದಳು. ಮನಸ್ಸು ಕೇಳಲಿಲ್ಲ. ಊಟ ಬಿಟ್ಟು ಒಂದೊಂದೇ ಅಭಿಪ್ರಾಯ ತೆರೆಯುತ್ತ ಹೋದಳು.

ನಾಲ್ಕೂವರೆಗೆ ಒಂದು ಸಿಕ್ಕಿತು. “ಇಷ್ಟು ಸುಲಭದ್ದಕ್ಕೆ ಇಷ್ಟು ರಂಪವಾ?” ಜೊತೆಗೆ ಆಡಿದ್ದರ ವಿಡಿಯೊ. ನೋಡಿದವಳೇ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿದಳು.

“ಮೇಸ್ತ್ರಿ, ಬಚಾವಾದ್ರಿ! ಒಬ್ಬಳು ಗೆದ್ದಳು! ಮಗು ಬದುಕ್ತು!”

ಮೇಸ್ತ್ರಿ ಕುರ್ಚಿಯಿಂದ ಏಳಲಿಲ್ಲ. “ಹೇಗೆ?”

“ಎಲ್ಲರೂ ಮುಂಬಾಗಿಲು ಒಡೆದು ಮೆಟ್ಟಿಲು ಹತ್ತೋಕೆ ಹೋಗ್ತಾರಲ್ಲ? ಇವಳು ಒಳಗೇ ಹೋಗಿಲ್ಲ. ಹಿತ್ತಲಲ್ಲಿ ಖಾಲಿ ಡ್ರಮ್ ಇದೆಯಲ್ಲ, ನೀಲಿದು, ಅದನ್ನ ಗೋಡೆ ಹತ್ರ ಎಳೆದು, ಅಡುಗೆಮನೆ ತಾರಸಿ ಹತ್ತಿ, ಕಿಟಕಿಯಿಂದ ಮಗೂನ ಎತ್ಕೊಂಡ್ಲು. ಇನ್ನೂ ಒಂದೂವರೆ ನಿಮಿಷ ಉಳಿದಿತ್ತು! ಭಲೇ ಕಿಲಾಡಿ ನೀವು, ದಾರಿ ಇಟ್ಟೂ ಬಾಯಿ ಬಿಡ್ಲಿಲ್ಲ!”

ಮೇಸ್ತ್ರಿ ವಿಡಿಯೊ ನೋಡಿದರು. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದರು. ಮೂರನೆಯ ಸಲ ಡ್ರಮ್ಮಿನ ಮೇಲೆ ಬೆರಳಿಟ್ಟು ನಿಲ್ಲಿಸಿದರು.

“ದಾರಿ ಅಂತ ಇಟ್ಟಿದ್ದಲ್ಲಮ್ಮ, ನಮ್ಮ ಮನೆ ಹಿತ್ತಲಲ್ಲಿ ಆವತ್ತು ಅದು ಅಲ್ಲೇ ಇತ್ತು,” ಎಂದರು ಅವರು. “ನಾನು ಮುಂಬಾಗಿಲನ್ನೇ ಒಡೀತಾ ಇದ್ದೆ, ನನ್ನ ಮಗಳ ಕೂಗು ನಿಲ್ಲೋವರೆಗೂ.”