ಎರಡೂ ಪೈಪಿಗೆ ಕುಂಕುಮ

ಕಲ್ಲೇಶ್ ಶೆಡ್ಡಿನ ಕಿಟಕಿಯಿಂದ ಇಣುಕಿದ. ಎದುರಿಗಿರುವ ತನ್ನ ಮನೆಯ ಜಗಲಿಯಲ್ಲಿ ಎಣ್ಣೆ ಕಂಪನಿಯ ಪರೀಕ್ಷಕ ರೇಣುಕಪ್ರಸಾದ್ ಬೆಣ್ಣೆದೋಸೆಗೆ ಕೈ ಹಾಕಿದ್ದರು. ಇದೇ ಸಮಯ.

ನ್ಯಾಮತಿಯ ಈ ತಗಡಿನ ಶೆಡ್ಡಿನಲ್ಲಿ ಎಣ್ಣೆ ಬಾವಿಗಳಿಗೆ ರಬ್ಬರ್ ಸೀಲು ಮಾಡುತ್ತಾರೆ. ಸೀಲು ಎಣ್ಣೆ ಕುಡಿದು ಉಬ್ಬಬೇಕು, ಪೈಪಿನ ಸುತ್ತಲಿನ ಸಂದು ಮುಚ್ಚಬೇಕು, ನೆಲದಡಿಯ ಒಂದು ಪದರದ ನೀರು ಇನ್ನೊಂದರ ಎಣ್ಣೆಗೆ ಬೆರೆಯಬಾರದು. ಕೆಂಪು ಪೈಪಿನಲ್ಲಿ ಕಲ್ಲೇಶನ ಸೀಲು, ನೀಲಿಯಲ್ಲಿ ಮುಂಬೈ ಕಂಪನಿಯದು. ಪರೀಕ್ಷಕರೇ ಕೈಯಾರೆ ಕೂರಿಸಿದ್ದರು. ತಿಂಡಿ ಮುಗಿಸಿ ಬಂದು ಎಣ್ಣೆ ತುಂಬುತ್ತಾರೆ. ವಾರ ಬಿಟ್ಟು ಪಂಪು ಒತ್ತಿ ಸೋರುತ್ತದೆಯೇ ನೋಡುತ್ತಾರೆ. ಸೋರದವರಿಗೆ ಆರ್ಡರ್. ಕಲ್ಲೇಶನದು ಸೋರಿದರೆ, ಗಂಡಹೆಂಡತಿ ಬೆವರು ಸುರಿಸಿ ಕಟ್ಟಿದ ಶೆಡ್ಡಿಗೆ ಬೀಗ. ಹೋದ ತಿಂಗಳು ಸೋರಿತ್ತು. ರಬ್ಬರಿನ ಹದ ಬದಲಿಸಿದ್ದ. ಆದರೂ ಧೈರ್ಯವಿರಲಿಲ್ಲ.

ಎಣ್ಣೆ ತುಂಬುವ ಮುಂಚೆ ಪೂಜೆಯಾಗಬೇಕೆಂದು ಹೆಂಡತಿ ರುದ್ರಾಣಿ ಆಗಲೇ ಬಾಗಿಲು ಹಾಕಿಕೊಂಡು ಪೂಜೆ ಮುಗಿಸಿದ್ದಳು. ಎರಡೂ ಪೈಪಿಗೆ ಕುಂಕುಮ, ಸೇವಂತಿಗೆ. ಎದುರಾಳಿಗೂ ಪೂಜೆ! ಎಂಥ ದೊಡ್ಡ ಮನಸ್ಸು ಇವಳದು. ಕಲ್ಲೇಶನಿಗೆ ನಾಚಿಕೆಯಾಯಿತು. ನಾಚುತ್ತಲೇ ನಟ್ಟು ತಿರುಗಿಸಿದ. ಸಲೀಸಾಗಿ ಬಿಚ್ಚಿಕೊಂಡವು. ಕೆಂಪಿನದು ನೀಲಿಗೆ, ನೀಲಿಯದು ಕೆಂಪಿಗೆ. ಎರಡೂ ಕಪ್ಪು ಸೀಲು, ನೋಡಿದರೆ ಅವಳಿಜವಳಿ. ನಟ್ಟು ಬಿಗಿದು ಕೈ ಒರೆಸಿಕೊಂಡ.

"ಏನ್ರೀ, ಇಲ್ಲೇನ್ ಮಾಡ್ತಿದ್ದೀರಿ?" ಬಾಗಿಲಲ್ಲಿ ರುದ್ರಾಣಿ.

"ಕೈ ಮುಗಿಯಾಕೆ ಬಂದಿದ್ದೆ."

"ಮುಗೀರಿ. ಇನ್ನ ನಮಗೆ ಸೋಲಿಲ್ಲ."

ಅವಳ ಸೆರಗಿಗೆ ಮಸಿ ಹತ್ತಿತ್ತು. ದೋಸೆ ಹಂಚಿನದಿರಬೇಕು.

ವಾರ ಕಳೆಯಿತು. ಪಂಪು ಒತ್ತಿದರು. ನೀಲಿ ಪೈಪು ಸೋರಿತು. ಕೆಂಪಿನದು ಒಂದು ಹನಿಯನ್ನೂ ಬಿಡಲಿಲ್ಲ.

"ಭೇಷ್! ಆರ್ಡರ್ ನಿಮಗೇ," ಎಂದು ರೇಣುಕಪ್ರಸಾದ್ ಕೈ ಕುಲುಕಿದರು. "ಮುಂಬೈಯವರಿಂದ ಕದ್ದಿರೇನ್ರೀ ಈ ವಿದ್ಯೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಲ್ಲೇಶ್ ಬೆವರಿದ. ಪಕ್ಕದಲ್ಲಿ ರುದ್ರಾಣಿಗೆ ಕೆಮ್ಮು ಬಂತು.

ಜೀಪು ಹೋದ ಮೇಲೆ ಅವನು ತಲೆ ಮೇಲೆ ಕೈ ಹೊತ್ತು ಕೂತ.

"ಗೆದ್ದಿದ್ದು ನಮ್ಮದಲ್ಲ ಕಣೇ. ಅವತ್ತು ನಾನೇ ಅದಲುಬದಲು ಮಾಡಿದ್ದೆ. ಸೋರಿದ್ದೇ ನಮ್ಮ ಸೀಲು. ಅದನ್ನ ಯಾವ ಮುಖ ಇಟ್ಕೊಂಡು ಬಾವಿಗೆ ಕಳಿಸಲಿ?"

ರುದ್ರಾಣಿ ಕಣ್ಣರಳಿಸಿ ನೋಡಿದಳು. ಆಮೇಲೆ ಒಗೆದರೂ ಮಸಿ ಹೋಗದ ಅದೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೇ ನಕ್ಕಳು.

"ಅಯ್ಯೋ ನನ್ನ ರಾಯ, ಪೂಜೆ ನೆಪದಾಗೆ ನಾನು ಮೊದಲೇ ಅದಲುಬದಲು ಮಾಡಿದ್ದೆ, ನೀವು ನಮ್ಮದನ್ನ ತಿರುಗಿ ನಮ್ಮ ಪೈಪಿಗೇ ಇಟ್ಟೀರಿ!"