ಆರು ವಾರದ ಮಾದರಿ

ಕಲಿಸಿದ ವಿದ್ಯೆ ಕಲಿತವರಿಗೆ ಹೋಗಿಬಿಡುತ್ತದೆ, ಕಲಿಸಿದವರ ಬಳಿ ಉಳಿಯುವುದಿಲ್ಲವೆಂಬುದು ಈಗ ಎಲ್ಲರಿಗೂ ರೂಢಿಯಾಗಿತ್ತು. ಆದರೂ ಬಸ್ ಡಿಪೋದ ತರಬೇತಿ ಅಧಿಕಾರಿ ಲೋಹಿತಾಕ್ಷಿಗೆ ಬೆಳಿಗ್ಗೆಯಿಂದ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವ ಮೆಕ್ಯಾನಿಕ್ ಮೆಹಬೂಬಸಾಬರು ಎದುರಿಗಿದ್ದರು.

“ತರಬೇತಿಗೆ ಎರಡು ಮಾದರಿ ಅದಾವ್ರೀ ಕಾಕಾ. ಹೊಸ ಹುಡುಗರಿಗೆ ನೀವು ಒಂದ ದಿನದಾಗ ಎಲ್ಲಾ ಕಲಿಸಿಬಿಡೂದು, ಇಲ್ಲಾ ಆರು ವಾರ ಸ್ವಲ್ಪ ಸ್ವಲ್ಪ. ಮ್ಯಾಲಿನವ್ರು ಒಂದ ದಿನ ಸಾಕು ಅಂತಾರ.”

ಮೆಹಬೂಬಸಾಬರು ಕಿಟಕಿಯಾಚೆ ಹೊರಟ ಬಸ್ಸಿಗೆ ಕಿವಿಗೊಟ್ಟರು.

“ಸಂಜಿಕ ನಾ ಬಸ್ಸಿನಾಗ ಮನಿಗೆ ಹೋಗಬೇಕಲ್ರೀ ಮೇಡಂ. ಇಷ್ಟು ವರ್ಷ ನನ್ ಜೋಡಿ ಮಾತಾಡಿದ್ದು ಒಮ್ಮೆಲೇ ಬರೇ ಗದ್ದಲ ಆದ್ರ, ಅದರಾಗ ಹೆಂಗ ಕುಂದರ್ಲಿ?”

ಲೋಹಿತಾಕ್ಷಿ ಆರು ವಾರವೆಂದೇ ಬರೆದಳು. ಎರಡರಲ್ಲಿ ಒಂದನ್ನು ಆರಿಸುವುದನ್ನು ಅವಳಿಗೆ ಒಂದೇ ದಿನದಲ್ಲಿ ಕಲಿಸಿಕೊಟ್ಟ ಹಿರಿಯ ಅಧಿಕಾರಿ, ಪಕ್ಕದ ಕೋಣೆಯಲ್ಲಿ ಚಹಾ ಕುಡಿಯಲೋ ಕಾಫಿ ಕುಡಿಯಲೋ ತಿಳಿಯದೆ, ಬೆಳಿಗ್ಗೆಯಿಂದ ನಿಂತೇ ಇದ್ದರು.