ಅಯಸ್ಕಾಂತದಿಂದ ದೂರ ಸರಿದ ತುಂಡು

ರೇಷ್ಮೆ ದಾರ ಬೆರಳಿಗೆ ತಗುಲಿದರೆ ಈಗಲೂ ಗೋಕಾಕದ ಹೈಸ್ಕೂಲಿನ ಆ ಮಧ್ಯಾಹ್ನ ನೆನಪಾಗುತ್ತದೆ. ನನಗೆ ಗಂಡು ಗೊತ್ತಾಗಿತ್ತು. ಸಾಲೆ ಬಿಡಿಸಿ ಕರೆದೊಯ್ಯಲು ಅಪ್ಪ ನಮ್ಮೂರು ಕುಲಗೋಡದಿಂದ ಬಂದು ತರಗತಿಯ ಬಾಗಿಲಲ್ಲಿ ನಿಂತಿದ್ದರು.

ವಿಜ್ಞಾನದ ಮಾಸ್ತರರು ಬಿಸ್ಮತ್ ಎಂಬ ಲೋಹದ ತುಂಡನ್ನು ರೇಷ್ಮೆ ದಾರಕ್ಕೆ ಕಟ್ಟಿ ತೂಗುಬಿಟ್ಟಿದ್ದರು. ನಾನು ದೊಡ್ಡ ಅಯಸ್ಕಾಂತವನ್ನು ಅದರ ಹತ್ತಿರ ಒಯ್ದೆ. ತುಂಡು ಅಂಟಿಕೊಳ್ಳದೆ ಮೆಲ್ಲಗೆ ದೂರ ಸರಿಯಿತು.

"ಗಾಳಿಗೆ ಸರದೈತಿ ಬಿಡ್ರಿ," ಎಂದು ಅಪ್ಪ ಮಾಸ್ತರರಿಗೆ ಹೇಳಿದರು.

ನಾನು ಕಿಟಕಿ, ಬಾಗಿಲು ಮುಚ್ಚಿದೆ. "ಅಪ್ಪಾ, ಹತ್ತರ ಬಂದು ಉಸಿರ ಹಿಡಕೊಂಡ ನೋಡ್ರಿ."

ಅಯಸ್ಕಾಂತ ಹತ್ತಿರ ಒಯ್ದೊಡನೆ ತುಂಡು ಮತ್ತೆ ಸರಿಯಿತು.

"ಯಾಕ ಹಂಗ?" ಎಂದು ಅಪ್ಪ ನನ್ನನ್ನು ಕೇಳಿದರು.

"ಅಯಸ್ಕಾಂತ ಬಾಜೂ ಬಂದ್ರ ಇದರೊಳಗ ಎದುರು ಶಕ್ತಿ ಹುಟ್ಟತೈತ್ರಿ. ಅದಕ್ಕ ದೂರ ಸರಿತೈತಿ," ಎಂದೆ.

ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು. "ಇಷ್ಟ ತಿಳಕೊಂಡಾಕಿನ್ನ ನಡುವ ಸಾಲಿ ಬಿಡಸೂದು ಬ್ಯಾಡ. ಮೆಟ್ರಿಕ್ ಮುಗೀಲಿ ಅಂತ ಗಂಡಿನವರಿಗೆ ಹೇಳ್ತೇನಿ," ಎಂದು ತಲೆಯ ರುಮಾಲು ಸರಿಪಡಿಸಿಕೊಂಡು ಒಬ್ಬರೇ ಬಸ್ ಹಿಡಿಯಲು ನಡೆದರು.